ಹಸಿ ಸೌದೆಯೂ ಕಾಫಿಯ ತುಕ್ಕುರೋಗವೂ



ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನುವಂತಿಲ್ಲ. ಕಾದ ಕಬ್ಬಿಣ ಹೊಗೆಯಾಡುವುದಿಲ್ಲ. ಹೊಗೆಯೇಳಬೇಕಾದರೆ ಸೌದೆ ಹಸಿಯಾಗಿರಬೇಕು. ಹೀಗೆ ಮರೆಯಲ್ಲಿ ನಿಂತ ಷರತ್ತನ್ನು ನೈಯಾಯಿಕರು 'ಉಪಾಧಿ' ಎಂದರು. ಮಳೆಗಾಲದಲ್ಲಿ ಒಲೆ ಊದಿದ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಜ್ಞಾನದ ಬುಡದಲ್ಲಿರುವ ಪ್ರಶ್ನೆಯೂ ಇದೇ. ಇದುವರೆಗೆ ಕಂಡದ್ದು ಮುಂದೆಯೂ ಹಾಗೆಯೇ ನಡೆಯುತ್ತದೆ ಎಂಬುದಕ್ಕೆ ಆಧಾರವೇನು? ಊಹೆಯಿಂದ ಖಚಿತ ಜ್ಞಾನ ದೊರೆಯದೆಂದು ಚಾರ್ವಾಕರು ವಾದಿಸಿದರು. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇಂಥದೇ ಸಂಶಯವೆತ್ತಿದ.

ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಇದು ಬರಿಯ ತರ್ಕವಾಗಿರಲಿಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗ ಅಲ್ಲಿನ ಕಾಫಿ ಕೃಷಿಯನ್ನೇ ನೆಲಕಚ್ಚಿಸಿತು. ಬೇಗನೆ ದಕ್ಷಿಣ ಭಾರತಕ್ಕೂ ಬಂತು. 'ಕೂರ್ಗ್' ತಳಿ ರೋಗಕ್ಕೆ ತುತ್ತಾಯಿತು. 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟಗಾರ ಕೆಂಟ್ ಆರಿಸಿದ ತಳಿ ಮಾತ್ರ ತಡೆದು ನಿಂತಿತು. ಕೆಂಟ್ಸ್‌ಗೆ ತುಕ್ಕು ಹಿಡಿಯದು ಎಂದು ನಂಬಿ ಬೆಳೆಗಾರರು ಅದನ್ನೇ ನೆಟ್ಟರು. ನೆಟ್ಟ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ನಂಬಿಕೆ ತಪ್ಪಾದರೆ ಸಂಸಾರವೇ ಸಾಲಕ್ಕೆ ಬೀಳುತ್ತದೆ. ಕೊನೆಗೆ ಕೆಂಟ್ಸ್ ಎಲೆಯ ಅಡಿಯಲ್ಲೂ ಕಿತ್ತಳೆ ಬಣ್ಣದ ಪುಡಿ ಕಂಡಿತು.

1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಗಿತ್ತು. ಅಲ್ಲಿನ ಡಬ್ಲ್ಯು. ಡಬ್ಲ್ಯು. ಮೇಯ್ನ್ 1932ರಲ್ಲಿ ಉತ್ತರ ಕೊಟ್ಟರು: ತುಕ್ಕು ಒಂದೇ ಅಲ್ಲ, ಅದರಲ್ಲಿ ಬಗೆಗಳಿವೆ. ಒಂದು ಬಗೆ ಕೂರ್ಗ್ ತಳಿಗೆ ಹಿಡಿದರೂ ಕೆಂಟ್ಸ್‌ಗೆ ಹಿಡಿಯದು. ಇನ್ನೊಂದು ಕೆಂಟ್ಸ್ ಅನ್ನೂ ಬಿಡದು. ಹಳೆಯ ನಿಯಮದ ಹಿಂದೆ ಹಸಿ ಸೌದೆಯಂಥ ಉಪಾಧಿ ಅಡಗಿತ್ತು.

ಎರಡು ವರ್ಷಗಳ ನಂತರ, 1934ರಲ್ಲಿ, ವಿಯೆನ್ನಾದ ಕಾರ್ಲ್ ಪಾಪ್ಪರ್ ಸಾವಿರ ಸಾಕ್ಷ್ಯಗಳೂ ಸಿದ್ಧಾಂತವನ್ನು ಸ್ಥಾಪಿಸಲಾರವು, ಒಂದು ವಿರುದ್ಧ ಸಾಕ್ಷ್ಯ ಅದನ್ನು ಕೆಡವಬಲ್ಲದು ಎಂದು ವಾದಿಸಿದ. ಹಾಗಾದರೆ ಷರತ್ತು ಸೇರಿಸಿ ನಿಯಮವನ್ನು ಉಳಿಸಿಕೊಳ್ಳುವುದು ಬರಿಯ ನೆಪವಲ್ಲವೇ? ಅಲ್ಲ. ನೆಪವನ್ನು ಪರೀಕ್ಷಿಸಲಾಗದು, ಮೇಯ್ನ್ ಹೇಳಿದ್ದನ್ನು ಬೇರೆ ಬೇರೆ ತುಕ್ಕಿನ ಪುಡಿಯನ್ನು ಬೇರೆ ಬೇರೆ ಗಿಡಗಳಿಗೆ ಸೋಂಕಿಸಿ ಯಾರೂ ನೋಡಬಹುದು. ನೋಡಿದವರು ಇಂದು 40ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ.

1940ರ ದಶಕದಲ್ಲಿ ಬಾಳೆಹೊನ್ನೂರಿನಿಂದಲೇ ಬಂದ ಎಸ್. 795 ತಳಿಯನ್ನೂ ಮುಂದೆ ತುಕ್ಕಿನ ಹೊಸ ಬಗೆಗಳು ತಾಗಿದವು. ಆದುದರಿಂದ ಹೊಸ ಸಸಿ ತರುವ ಬೆಳೆಗಾರ 'ಇದಕ್ಕೆ ತುಕ್ಕು ಹಿಡಿಯುತ್ತದೆಯೇ?' ಎಂದಷ್ಟೇ ಕೇಳಿದರೆ ಸಾಲದು, 'ಯಾವ ತುಕ್ಕು?' ಎಂದೂ ಕೇಳಬೇಕು.