ಹೊಗೆಕೊಳವೆಯ ಸದ್ದು ಮತ್ತು ಕಣಿವೆಯ ಮೌನ

(ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡು, ನದಿ, ಗಣಿ, ಅಣೆಕಟ್ಟುಗಳ ಕುರಿತು ನಾವು ಅನೇಕ ಬಾರಿ ಚರ್ಚಿಸಿದ್ದೇವೆ. ಇಂದು ನಾನು ಆಯ್ದುಕೊಂಡಿರುವ ವಿಷಯ ಒಂದು ಲೋಹದ ಕೊಳವೆ. ಅದೂ ನಮ್ಮ ನಾಡಿನದಲ್ಲ. ಅಮೆರಿಕ ಮತ್ತು ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳುವ ಪ್ರತಿಕೃತಿ ಕ್ರೀಡಾ ಕಾರಿನ ಹೊಗೆಕೊಳವೆ. ಮಲೆನಾಡಿಗೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸೈಲೆನ್ಸರ್ ಬದಲಾಯಿಸುವ ಗೀಳು ನಮ್ಮ ಘಟ್ಟದ ರಸ್ತೆಗಳಿಗೂ ಬಂದಿದೆ. ಆ ಗೀಳಿನ ಹಿಂದಿನ ವಿಜ್ಞಾನವನ್ನೂ ಭ್ರಮೆಯನ್ನೂ ಸ್ಪಷ್ಟವಾಗಿ ತೋರಿಸಿಕೊಡುವ ವಾಹನ ಈ ಪ್ರತಿಕೃತಿ ಕಾರು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಇಂಗ್ಲೆಂಡಿನ ಎ.ಸಿ. ಕಾರ್ಸ್ ಎಂಬ ಸಣ್ಣ ಕಾರ್ಖಾನೆ ‘ಏಸ್’ ಎಂಬ ಹಗುರವಾದ ಕಾರನ್ನು ತಯಾರಿಸುತ್ತಿತ್ತು. ಅಮೆರಿಕದ ಟೆಕ್ಸಾಸಿನ ರೇಸ್ ಚಾಲಕ ಕ್ಯಾರಲ್ ಶೆಲ್ಬಿ 1962ರಲ್ಲಿ ಅದರೊಳಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ. ಅದಕ್ಕೆ ಇಟ್ಟ ಹೆಸರು ಕೋಬ್ರಾ, ಅಂದರೆ ನಾಗರಹಾವು. 1965ರ ಹೊತ್ತಿಗೆ ಅದರ ಎಂಜಿನ್ 7 ಲೀಟರಿನಷ್ಟು ದೊಡ್ಡದಾಯಿತು. ಅಂದು ತಯಾರಾದ ಮೂಲ ಕಾರುಗಳು ಸುಮಾರು ಸಾವಿರ ಮಾತ್ರ. ಮೊತ್ತಮೊದಲ ಕೋಬ್ರಾ 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಮೂಲವನ್ನು ಕೊಳ್ಳಲಾಗದವರಿಗಾಗಿ ಹತ್ತಾರು ಸಂಸ್ಥೆಗಳು ಅದೇ ರೂಪದ ಪ್ರತಿಕೃತಿಗಳನ್ನು ಬಿಡಿಭಾಗಗಳಾಗಿ ಮಾರಲಾರಂಭಿಸಿದವು. ಹೀಗಾಗಿ ಮೂಲ ಕಾರುಗಳಿಗಿಂತ ಪ್ರತಿಕೃತಿಗಳ ಸಂಖ್ಯೆಯೇ ಎಷ್ಟೋ ಪಟ್ಟು ಹೆಚ್ಚು.

ಸಾಮಾನ್ಯ ಕಾರಿನಲ್ಲಿ ಹೊಗೆಕೊಳವೆ ಎಂಜಿನ್ನಿನಿಂದ ಹೊರಟು ಕಾರಿನ ಹೊಟ್ಟೆಯಡಿ ಹಾದು ಹಿಂಭಾಗದಲ್ಲಿ ತೆರೆದುಕೊಳ್ಳುತ್ತದೆ. ಈ ಕಾರಿನ ರೇಸಿಂಗ್ ಮಾದರಿಯಲ್ಲಿ ಹಾಗಲ್ಲ. ಎಡಬಲಗಳ ನಾಲ್ಕು ನಾಲ್ಕು ಸಿಲಿಂಡರುಗಳ ಕೊಳವೆಗಳು ಮುಂಚಕ್ರದ ಹಿಂದೆ ಪಕ್ಕದಿಂದ ಹೊರಬಂದು, ಒಂದಾಗಿ, ಬಾಗಿಲಿನ ಕೆಳಗೆ ಸಾಗಿ, ಹಿಂಚಕ್ರದ ಮುಂದೆಯೇ ಕೊನೆಗೊಳ್ಳುತ್ತವೆ. ಇವೇ ಸೈಡ್ ಪೈಪುಗಳು. ಕಾರಿನಿಂದ ಇಳಿಯುವವರ ಮೀನಖಂಡ ಆ ಕಾದ ಕೊಳವೆಗೆ ತಗುಲಿ ಸುಡುವುದು ಸಾಮಾನ್ಯ. ಅದನ್ನು ಹವ್ಯಾಸಿಗಳು ತಮಾಷೆಗೆ ಹಾವಿನ ಕಡಿತವೆಂದೇ ಕರೆಯುತ್ತಾರೆ.

ಈಗ ಸದ್ದಿನ ವಿಚಾರ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಹೊಗೆಯುಗುಳುತ್ತದೆ. ಅಂದರೆ ಒಂದು ಸಿಲಿಂಡರಿನಿಂದ ಸೆಕೆಂಡಿಗೆ 25 ಸ್ಫೋಟ, ಒಂದು ಪಕ್ಕದ ಕೊಳವೆಯಲ್ಲಿ 100 ಸ್ಫೋಟ. ಎಂಜಿನ್ನಿನ ಕ್ರಮಕ್ಕನುಗುಣವಾಗಿ ಒಂದೇ ಪಕ್ಕದ ಸ್ಫೋಟಗಳು ಸಮಾನ ಅಂತರದಲ್ಲಿ ಬರುವುದಿಲ್ಲ. ಅಭಿಮಾನಿಗಳು ಮೆಚ್ಚುವ ಆ ಒರಟು ಗುಡುಗು ಹುಟ್ಟುವುದು ಈ ಅಸಮತೆಯಿಂದ.

ಸೈಲೆನ್ಸರಿನ ಕೆಲಸ ಈ ಒತ್ತಡದ ಅಲೆಗಳನ್ನು ತಣಿಸುವುದು. ಅದಕ್ಕೆ ಎರಡು ಮಾರ್ಗಗಳಿವೆ. ಒಂದು, ಕೋಣೆಗಳನ್ನು ರಚಿಸಿ ಅಲೆಗಳು ಪರಸ್ಪರ ಎದುರಾಗಿ ಕುಗ್ಗುವಂತೆ ಮಾಡುವುದು. ಇನ್ನೊಂದು, ರಂಧ್ರಗಳಿರುವ ಒಳಕೊಳವೆಯ ಸುತ್ತ ಗಾಜಿನ ನಾರನ್ನು ತುಂಬುವುದು. ನಾರಿನ ಎಳೆಗಳಲ್ಲಿ ಸಿಕ್ಕಿದ ಶಬ್ದ ಘರ್ಷಣೆಯಿಂದ ಶಾಖವಾಗಿ ಕರಗುತ್ತದೆ. ಸೈಡ್ ಪೈಪುಗಳಲ್ಲಿ ಬಳಸುವುದು ಬಹುಮಟ್ಟಿಗೆ ಎರಡನೆಯದನ್ನು. ಆದರೆ ಕೊಳವೆ ಗಿಡ್ಡವಾದ್ದರಿಂದ ತಣಿಸಲು ಸ್ಥಳವೇ ಸಾಲದು. ಮೇಲಾಗಿ ಬಿಸಿಗಾಳಿಯ ಹೊಡೆತಕ್ಕೆ ನಾರು ಸುಟ್ಟು ಹಾರಿಹೋಗಿ, ವರ್ಷದಿಂದ ವರ್ಷಕ್ಕೆ ಸದ್ದು ಏರುತ್ತದೆ.

ಆದುದರಿಂದ ಈ ಕಾರಿನ ಎಷ್ಟೋ ಒಡೆಯರು ಕಾಲಕ್ರಮದಲ್ಲಿ ಕೊಳವೆಯನ್ನು ಮೇಲ್ದರ್ಜೆಗೇರಿಸುತ್ತಾರೆ. ತುಕ್ಕು ಹಿಡಿಯದ ಉಕ್ಕಿನ ಹೊಸ ಕೊಳವೆ, ಇನ್ನಷ್ಟು ಉದ್ದದ ಒಳತಿರುಳು, ಹೊಸ ನಾರು, ಶಾಖ ತಡೆಯುವ ಸೆರಾಮಿಕ್ ಲೇಪ, ಕಾಲು ಸುಡದಂತೆ ಹೊರಗವಚ, ಕೆಲವರಾದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ. ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಸದ್ದಿಗಾಗಿಯೇ ಈ ಕಾರನ್ನು ಕಟ್ಟಿಕೊಂಡವರಲ್ಲಿ ಅನೇಕರು ಕೊನೆಗೆ ಹಣ ತೆರುವುದು ಸದ್ದನ್ನು ತಗ್ಗಿಸಿಕೊಳ್ಳಲು. ಮಾಡಿಲ್ಲದ ಕಾರಿನಲ್ಲಿ ಚಾಲಕನ ಕಿವಿ ಕೊಳವೆಯ ಬಾಯಿಗೆ ತೀರ ಸಮೀಪದಲ್ಲಿರುತ್ತದೆ. ಒಂದೆರಡು ಗಂಟೆಯ ಪಯಣದಲ್ಲೇ ಅದು ದಣಿಯುತ್ತದೆ.

ಹೆಚ್ಚು ಸದ್ದೆಂದರೆ ಹೆಚ್ಚು ಶಕ್ತಿ ಎಂಬ ನಂಬಿಕೆ ನಮ್ಮ ಯುವಕರಲ್ಲಿಯೂ ಬಲವಾಗಿದೆ. ಅದು ಸರಿಯಲ್ಲ. ನೇರವಾದ ಒಳಕೊಳವೆಯ ಸುತ್ತ ನಾರು ತುಂಬಿದ ಉತ್ತಮ ಸೈಲೆನ್ಸರ್ ಹೊಗೆಯ ಹರಿವಿಗೆ ಅತ್ಯಲ್ಪ ತಡೆಯೊಡ್ಡಿ ಶಬ್ದವನ್ನು ಮಾತ್ರ ಹೀರಿಕೊಳ್ಳುತ್ತದೆ. ವ್ಯತಿರಿಕ್ತವಾಗಿ, ಕೊಳವೆಯನ್ನು ಅಗತ್ಯಕ್ಕಿಂತ ಅಗಲ ಮಾಡಿದರೆ ಹೊಗೆಯ ವೇಗ ಕುಂದಿ, ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಎಳೆತ ಕಡಿಮೆಯಾಗುತ್ತದೆ. ಘಟ್ಟ ಏರುವವನಿಗೆ ಬೇಕಾದುದು ಆ ಎಳೆತವೇ ಅಲ್ಲವೇ?

ಇನ್ನು ಕಾನೂನು. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂತಹ ಪ್ರತಿಕೃತಿಯನ್ನು 1965ರ ಕಾರೆಂದು ನೋಂದಾಯಿಸಿ ಇಂದಿನ ಹೊಗೆ ನಿಯಮಗಳಿಂದ ವಿನಾಯಿತಿ ಪಡೆಯಬಹುದು. ಕ್ಯಾಲಿಫೋರ್ನಿಯಾ ಆ ವಿನಾಯಿತಿಯನ್ನು ವರ್ಷಕ್ಕೆ 500 ವಾಹನಗಳಿಗೆ ಸೀಮಿತಗೊಳಿಸಿತು. ಕಾರುಗಳ ಹೊಗೆಕೊಳವೆಯ ಸದ್ದಿಗೂ 95 ಡೆಸಿಬೆಲ್ ಮಿತಿ ವಿಧಿಸಿತು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಪರೀಕ್ಷೆಗೊಳಗಾಗಬೇಕು. ಅಲ್ಲಿ ಕೊಳವೆಯ ಬಾಯಿಂದ ಅರ್ಧ ಮೀಟರಿನಲ್ಲಿ 99 ಡೆಸಿಬೆಲ್ ಮಿತಿ.

99 ಎಂದರೆ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಿಂದ ಒಂಬತ್ತು ಬಾರಿ ಇಮ್ಮಡಿಸಿದರೆ 256 ಮೀಟರ್. ಅಲ್ಲಿ ಉಳಿಯುವುದು 45 ಡೆಸಿಬೆಲ್. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ನಿಗದಿಪಡಿಸಿದ ಮಿತಿ ಅಷ್ಟೇ. ಅದು ಸರಾಸರಿಯ ಮಿತಿ ಎಂಬುದು ನಿಜ. ಆದರೂ ಒಂದು ಕೊಳವೆಯ ಕೈ ಎಷ್ಟು ದೂರ ಚಾಚುತ್ತದೆಂಬ ಅಂದಾಜು ಇದರಿಂದ ಸಿಗುತ್ತದೆ. ಕಣಿವೆಯಲ್ಲಿ ಇದು ಇನ್ನಷ್ಟು ದೂರ ಸಾಗುತ್ತದೆ. ರಾತ್ರಿ ತಂಪುಗಾಳಿ ತಳದಲ್ಲಿ ನಿಂತಾಗ ಮೇಲೇರಬೇಕಾದ ಶಬ್ದ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ.

ಶಬ್ದ ಮಾತ್ರದಿಂದಲೇ ಕಾಡಿಗೆ ಹಾನಿಯಾಗುವುದೇ? ಈ ಪ್ರಶ್ನೆಗೆ ಅಮೆರಿಕದ ಇಡಾಹೋ ರಾಜ್ಯದ ವಿಜ್ಞಾನಿಗಳು ಗುಡ್ಡಗಾಡಿನಲ್ಲೇ ಉತ್ತರ ಹುಡುಕಿದರು. ರಸ್ತೆಯೇ ಇಲ್ಲದ ಬೆಟ್ಟದ ಏಣಿನಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಧ್ವನಿವರ್ಧಕಗಳನ್ನಿಟ್ಟು ವಾಹನಗಳ ಸದ್ದನ್ನು ನಾಲ್ಕು ದಿನ ನುಡಿಸಿ, ನಾಲ್ಕು ದಿನ ನಿಲ್ಲಿಸಿದರು. ಹೊಗೆ ಇಲ್ಲ, ಚಕ್ರವಿಲ್ಲ, ಮರ ಕಡಿದಿಲ್ಲ. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಸದ್ದಿದ್ದ ದಿನಗಳಲ್ಲಿ ಅಲ್ಲಿ ಇಳಿಯುವ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಕೆಲವು ಜಾತಿಯ ಹಕ್ಕಿಗಳು ಆ ಸ್ಥಳವನ್ನು ಬಹುತೇಕ ತೊರೆದವು.

ಮಿತ್ರರೇ, ನಮ್ಮ ಘಟ್ಟಗಳಲ್ಲಿ ಮಳೆಗಾಲದ ರಾತ್ರಿ ಗಂಡು ಮರಗಪ್ಪೆ ಹೆಣ್ಣನ್ನು ಸೇರಬೇಕಾದರೆ ಅದರ ಕೂಗು ಕೇಳಿಸಬೇಕು. ಕತ್ತಲಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಜಲಪಾತ ನೋಡಲು ಬರುವ ಮೋಟಾರ್ ಸೈಕಲ್ಲುಗಳ ಸಾಲು ಸೈಲೆನ್ಸರ್ ಕಿತ್ತೆಸೆದು ಹಾದುಹೋಗುವುದೂ ಅದೇ ರಸ್ತೆಯಲ್ಲಿ. ಹಸುಗೂಸುಗಳು, ಹಾಸಿಗೆ ಹಿಡಿದ ವೃದ್ಧರು, ಪರೀಕ್ಷೆಗೆ ಓದುವ ಮಕ್ಕಳು ಆ ರಸ್ತೆಯ ಬದಿಯಲ್ಲೇ ಇದ್ದಾರೆ.

ಕಾನೂನು ನಮ್ಮ ಪರವಾಗಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ನೋಂದಣಿಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಶಬ್ದದ ಮಾನದಂಡ ಮುರಿದವರಿಗೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದರೆ ಪೊಲೀಸರು ಪ್ರತಿ ತಿರುವಿನಲ್ಲಿ ನಿಲ್ಲಲಾರರು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಠಾಣೆಗೂ ಸಾರಿಗೆ ಕಚೇರಿಗೂ ಕಳುಹಿಸಿ. ಯಾವ ದಿನ, ಯಾವ ಹೊತ್ತು, ಎಷ್ಟು ವಾಹನ ಎಂಬ ದಾಖಲೆಯನ್ನು ವಿದ್ಯಾರ್ಥಿಗಳು ಇಡಲಿ; ದಾಖಲೆ ಇರುವ ದೂರಿಗೆ ತೂಕ ಹೆಚ್ಚು.

ಯಂತ್ರಗಳನ್ನು ಪ್ರೀತಿಸುವ ಯುವಕರಿಗೆ ಇನ್ನೊಂದು ಮಾತು. ನಿಮ್ಮ ಪ್ರೀತಿಯನ್ನು ಬಿಡಿ ಎನ್ನುತ್ತಿಲ್ಲ. ಸೈಲೆನ್ಸರ್ ಕೊರೆದು ಬರಿದು ಮಾಡಲು ಒಂದು ಡ್ರಿಲ್ ಸಾಕು. ಹರಿವಿಗೆ ತಡೆಯಾಗದಂತೆ ಸದ್ದನ್ನು ಹೀರುವ ಕೊಳವೆಯನ್ನು ರೂಪಿಸಲು ಭೌತವಿಜ್ಞಾನ ಬೇಕು, ಕೈಕಸುಬು ಬೇಕು, ತಾಳ್ಮೆ ಬೇಕು. ಯಂತ್ರವನ್ನು ಮೇಲ್ದರ್ಜೆಗೇರಿಸುವುದು ಎಂಬ ಮಾತು ಸಲ್ಲಬೇಕಾದುದು ಈ ಕೆಲಸಕ್ಕೆ. ಅದನ್ನು ನಮ್ಮ ಊರಿನ ಗ್ಯಾರೇಜುಗಳಲ್ಲೇ ಕಲಿಯಲು ಯಾವ ಅಡ್ಡಿಯೂ ಇಲ್ಲ.