ಹಿಂದಿನ ಬೆಂಚಿನ ಮಕ್ಕಳು

(ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ಮಾಡಿದ ಭಾಷಣ)



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲೇ ನನ್ನ ಕನ್ನಡ ಮೇಷ್ಟ್ರ ಕೆಲಸ ಕಳೆಯಿತು. ಶಾಲೆಗೆ ಹೆಸರು ತಂದವರ ಬಗ್ಗೆ ಈಗಾಗಲೇ ಹಲವರು ಮಾತಾಡಿದ್ದಾರೆ. ಎಂಟನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳ ಬಗ್ಗೆ ನಾನು ನಾಲ್ಕು ಮಾತು ಹೇಳುತ್ತೇನೆ.

ಮೊದಲು ನನ್ನ ತಪ್ಪು. ಕಡೂರು ಕಡೆಯ ಶಾಲೆಯೊಂದರಲ್ಲಿ ಒಬ್ಬ ಹುಡುಗನನ್ನು ಎಬ್ಬಿಸಿ, ಪಾಠ ಓದು ಎಂದೆ. ಒಂದು ಸಾಲೂ ಬರಲಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ. ಮರುದಿನದಿಂದ ಅವನು ಶಾಲೆ ಬಿಟ್ಟ. ಕೆಲವು ದಿನಗಳ ಮೇಲೆ ಜಾತ್ರೆಯಲ್ಲಿ ಕಂಡ. ಅಪ್ಪನ ವೀರಗಾಸೆ ತಂಡದಲ್ಲಿ ಕತ್ತಿ ಹಿಡಿದು, ದಕ್ಷಯಜ್ಞದ ಒಡಪನ್ನು ಎಲ್ಲೂ ತಡವರಿಸದೆ ಹೇಳುತ್ತಿದ್ದ. ಅವನಿಗೆ ಬಾರದಿದ್ದದ್ದು ಕನ್ನಡವಲ್ಲ, ಅಕ್ಷರ ಮಾತ್ರ.

ಮನೆಗೆ ಹೋಗಿ ಅಪ್ಪನ ಎದುರಿಗೇ ಅವನಿಗೆ ತಪ್ಪಾಯಿತು ಎಂದೆ. ಮತ್ತೆ ಬಂದ. ಪಠ್ಯಪುಸ್ತಕ ಮುಚ್ಚಿಟ್ಟು, ಅವನು ಒಡಪು ಹೇಳಿದಂತೆ ಬೋರ್ಡಿನ ಮೇಲೆ ಬರೆದೆ. ‘ದಕ್ಷಬ್ರಹ್ಮ ಎಲ್ಲಿದ್ದಾನೆ, ತೋರಿಸು’ ಎಂದೆ. ಒಂದೇ ಪದದಲ್ಲಿ ಕ್ಷ, ಬ್ರ, ಹ್ಮ, ಮೂರು ಒತ್ತಕ್ಷರ! ಬಾಯಿಗೆ ಗೊತ್ತಿದ್ದ ಪದದ ಮೇಲೆ ಬೆರಳು ನಿಧಾನವಾಗಿ ಸಾಗಿತು. ‘ವೀರಭದ್ರ’ದ ದ್ರ ಗುರುತಾದ ಮೇಲೆ ಚಂದ್ರ, ಸಮುದ್ರ, ನಿದ್ರೆ ಬಂದವು. ಪವಾಡವೇನೂ ಆಗಲಿಲ್ಲ. ವರ್ಷದ ಕೊನೆಗೆ ಒಡಪನ್ನು ತಾನೇ ನೋಟ್‌ಬುಕ್ಕಿನಲ್ಲಿ ಬರೆದ, ತಪ್ಪುಗಳ ಸಮೇತ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ.

ಆಮೇಲೆ ಪ್ರತಿ ಮಗುವಿನಲ್ಲೂ ಅಂಥ ಒಡಪನ್ನೇ ಹುಡುಕಿದೆ. ತರೀಕೆರೆಯಲ್ಲಿ ಚಿತ್ರ ಬಿಡಿಸುವ ಹುಡುಗಿಯೊಬ್ಬಳಿದ್ದಳು. ಹತ್ತಿರದ ಅಮೃತಾಪುರಕ್ಕೆ, 1196ರ ಆ ಹೊಯ್ಸಳ ಗುಡಿಗೆ, ಮಕ್ಕಳನ್ನು ಕರೆದೊಯ್ದೆ. ದಕ್ಷಿಣದ ಗೋಡೆಯ ಮೇಲೆ ರಾಮಾಯಣದ 70 ಫಲಕಗಳಿವೆ. ಅವಳು ಹತ್ತನ್ನು ಬಿಡಿಸಿ, ಪ್ರತಿಯೊಂದರ ಕೆಳಗೂ ಒಂದೊಂದು ವಾಕ್ಯ ಬರೆದಳು. ಅಲ್ಲಿಯ ಶಾಸನದ ಪದ್ಯ ಕವಿ ಜನ್ನನದು ಎಂದಾಗ, ‘ಪರೀಕ್ಷೆಗೆ ಬರುತ್ತಾನಲ್ಲ, ಅವನೇನಾ ಸಾರ್?’ ಎಂದಳು.

ಅಜ್ಜಂಪುರದ ಹುಡುಗನೊಬ್ಬ ಜೇಡಿಮಣ್ಣಿನಲ್ಲಿ ಅಮೃತಮಹಲ್ ಹೋರಿ ಮಾಡುತ್ತಿದ್ದ. ಕೊಂಬು, ಗೊರಸು, ಗಂಗೆದೊಗಲು ಎಂದು ಒಂದೊಂದಕ್ಕೂ ಚೀಟಿ ಬರೆದು ಅಂಟಿಸಿದ. ಗಂಗೆದೊಗಲು ಎಲ್ಲಿರುತ್ತದೆಂದು ನಾನು ಅವನಿಂದ ಕಲಿತೆ.

ತರೀಕೆರೆ ಏರಿಯ ಕರಿ ಕುರಿಮರಿಗಳ ಮಾತು ನಿಮಗೆಲ್ಲ ಗೊತ್ತು. ಅದನ್ನು ಬೋರ್ಡಿನ ಮೇಲೆ ಬರೆದು ಓದಿಸುತ್ತಿದ್ದೆ. ಕರಿ, ಕುರಿ, ಮರಿ: ಒಂದು ಕೊಂಬು, ಒಂದು ಅಕ್ಷರ ಬದಲಾದರೆ ಪದವೇ ಬೇರೆ. ವೇಗವಾಗಿ ಓದುವಾಗ ಜಾಣನೂ ಎಡವುತ್ತಾನೆ, ಮೇಷ್ಟ್ರೂ ಎಡವುತ್ತಾರೆ. ಆಗ ನಗು ಒಬ್ಬನ ಮೇಲೆ ಬೀಳುವುದಿಲ್ಲ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಲಿ ಎಂದು ಕೇಳುತ್ತಿದ್ದೀರಿ. ಕಟ್ಟಡಕ್ಕೆ ಕೊಡಿ, ಸಂತೋಷ. ಜೊತೆಗೆ ಬಿಡುವಿದ್ದಾಗ ಬಂದು ಹಿಂದಿನ ಬೆಂಚಿನ ಒಂದು ಮಗುವಿನ ಪಕ್ಕ ಕೂತುಕೊಳ್ಳಿ. ನಿನಗೆ ಏನು ಇಷ್ಟ ಎಂದು ಕೇಳಿ. ಅದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಅದರ ಕೈಗೆ ಕೊಟ್ಟು ಓದಿಸಿ.