ಗಂಧದ ಕೊರಡೂ ವಿದೇಶದ ಕಲಿಕೆಯೂ

(ವಿದೇಶ ವ್ಯಾಸಂಗಕ್ಕೆ ಹೊರಟ ವಿದ್ಯಾರ್ಥಿಗಳಿಗಾಗಿ ಹನುಮಂತನಗರದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರು ಅಂತಾರಾಷ್ಟ್ರೀಯ ವಾಣಿಜ್ಯವನ್ನು ಅಭ್ಯಸಿಸಲು ಹೊರನಾಡಿಗೆ ಹೊರಟಿದ್ದೀರಿ. ಅದಕ್ಕಾಗಿ ಹೆತ್ತವರು ಸಾಲ ಮಾಡಿದ್ದಾರೆ. ಆದ್ದರಿಂದ ಅಲ್ಲಿಂದ ಏನನ್ನು ತರಬೇಕೆಂಬ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳುವುದು ಲೇಸು. ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಈ ಬಡಾವಣೆಯ ಅಂಗಡಿಗಳಲ್ಲಿ ದೊರೆಯುವ ಮೈಸೂರು ಸ್ಯಾಂಡಲ್ ಸಾಬೂನಿನ ಚರಿತ್ರೆಯೇ ಸಾಕು.

ಮೈಸೂರಿನ ಗಂಧಕ್ಕೆ ಪರದೇಶದ ಮಾರುಕಟ್ಟೆ ಹೊಸದಲ್ಲ. ಟಿಪ್ಪು ಸುಲ್ತಾನರು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಹೊಂದಿದ್ದರು. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ನಮ್ಮ ಕೊರಡು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಆ ದಾರಿ ಮುಚ್ಚಿತು. ಮರ ನಮ್ಮದು, ವಿದ್ಯೆ ಪರರದು ಎಂಬ ಸ್ಥಿತಿಯ ಅಪಾಯ ಆಗ ಅರಿವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದವು. 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆಯ ಉತ್ಪಾದನೆ ಆರಂಭವಾಯಿತು.

ದಿವಾನ್ ವಿಶ್ವೇಶ್ವರಯ್ಯನವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಾಬೂನು ತಯಾರಿಕೆಯ ಹೆಚ್ಚಿನ ಅಭ್ಯಾಸಕ್ಕಾಗಿ ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮರಳಿದ ಶಾಸ್ತ್ರಿಗಳು ಅಲ್ಲಿನ ಸರಕನ್ನು ಯಥಾವತ್ತಾಗಿ ನಕಲು ಮಾಡಲಿಲ್ಲ. ತಮ್ಮ ಜನ ಯಾವುದನ್ನು ಅಮೂಲ್ಯವೆಂದು ಬಗೆಯುತ್ತಾರೆಂದು ಯೋಚಿಸಿದರು. ಅಂಡಾಕಾರದ ಸಾಬೂನನ್ನು ಆಭರಣದ ಪೆಟ್ಟಿಗೆಯಂತಹ ಹೂಚಿತ್ರದ ಡಬ್ಬಿಯಲ್ಲಿಟ್ಟರು. ಸಿಂಹದ ದೇಹ, ಆನೆಯ ತಲೆಯ ಶರಭವನ್ನು ಲಾಂಛನವಾಗಿಸಿದರು. ಆ ಸಾಬೂನು 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು.

ಪರಸಂಸ್ಕೃತಿಯನ್ನು ಅರಿಯುವುದೆಂದರೆ ಬರೀ ಶಿಷ್ಟಾಚಾರವನ್ನು ಕಲಿಯುವುದಲ್ಲ. ಜಪಾನಿನಲ್ಲಿ ಪರಿಚಯದ ಕಾರ್ಡನ್ನು ಎರಡೂ ಕೈಗಳಿಂದ ಪಡೆಯಬೇಕು; ಅರಬರಲ್ಲಿ ಕಾಫಿಯ ಉಪಚಾರ ಮುಗಿಯದೆ ವ್ಯವಹಾರದ ಮಾತೆತ್ತಬಾರದು. ಇವೆಲ್ಲ ಅಗತ್ಯವೇ. ಆದರೆ ಆ ಜನರು ಯಾವುದನ್ನು ನಂಬುತ್ತಾರೆ, ಕರಾರನ್ನು ಹೇಗೆ ಬರೆಯುತ್ತಾರೆ, ಗುಣಮಟ್ಟವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೂ ಗಮನಿಸಿರಿ.

ಚನ್ನಪಟ್ಟಣದ ಆಟಿಕೆಗಾರನಿಗೆ, ರಾಮನಗರದ ನೂಲು ಬಿಚ್ಚಾಣಿಕೆದಾರನಿಗೆ ಕೈಕೌಶಲದ ಕೊರತೆಯಿಲ್ಲ. ದೂರದ ಗ್ರಾಹಕನ ಮನಸ್ಸನ್ನು ಬಲ್ಲವರು ಅವರ ಬಳಿ ಕಡಿಮೆ. ಆದ್ದರಿಂದಲೇ ಅವರ ಶ್ರಮದ ಲಾಭದ ದೊಡ್ಡ ಪಾಲು ಮಧ್ಯವರ್ತಿಯ ಕೈ ಸೇರುತ್ತದೆ.

ಸಾಲ ತೀರುವವರೆಗೆ ಅಲ್ಲಿಯೇ ದುಡಿಯುವುದು ತಪ್ಪಲ್ಲ. ಅದು ನಿಮ್ಮ ಕರ್ತವ್ಯವೂ ಹೌದು. ಆದರೆ ಅಂದು ಕಚ್ಚಾ ಕೊರಡನ್ನು ಕಳುಹಿಸಿದಂತೆ ಇಂದು ನಾವು ತರುಣರನ್ನು ಕಳುಹಿಸಿ ಸುಮ್ಮನಾಗಬಾರದು. ನೀವು ಎಲ್ಲಿಯೇ ನೆಲೆಸಿದರೂ ಕಲಿತ ವಿದ್ಯೆ ಇಲ್ಲಿನ ಒಬ್ಬ ಕುಶಲಕರ್ಮಿಗಾದರೂ ತಲುಪಲಿ.